‘ಪಂಪನ ಮನೆ ಎಲ್ಲಿ ಬರ್ತದೆ?’ ಬನವಾಸಿಗೆ ಬಂದವರು ಕೇಳುವ ಪ್ರಶ್ನೆಗೆ ಏನು ಉತ್ತರ ಹೇಳಬೇಕು

ಬನವಾಸಿ: ಮಧುಕೇಶ್ವರ ದೇವಸ್ಥಾನ ನೋಡಲು ಬರುವವರು ರಥಬೀದಿಯ ಅಂಗಡಿಗಳಲ್ಲಿ ಚಹಾ, ಎಳನೀರು, ನೀರಿನ ಬಾಟಲಿ ಕೇಳ್ತಾರೆ. ಅದರ ಜೊತೆಗೆ ದಾರಿಯನ್ನೂ ಕೇಳ್ತಾರೆ. ದಾರಿ ಕೇಳುವವರಲ್ಲಿ ಒಂದು ಪ್ರಶ್ನೆ ಖಾಯಂ: ‘ಪಂಪನ ಮನೆ ಎಲ್ಲಿ ಬರ್ತದೆ?’ ಉತ್ತರ ಹೇಳಬೇಕಾದವರಿಗೆ ಪೇಚು. ಇಲ್ಲ ಅಂದ್ರೆ ಅಷ್ಟು ದೂರದಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದವರ ಮುಖ ಸಣ್ಣಗಾಗ್ತದೆ. ಅಲ್ಲಿದೆ ಅಂತ ಯಾವುದೋ ಹಳೆ ಮನೆ ತೋರಿಸಿದ್ರೆ ಸುಳ್ಳು ಹೇಳಿದ ಹಾಗೆ.

ನೇರವಾಗಿ ಹೇಳಬೇಕೆಂದರೆ ಬನವಾಸಿಯಲ್ಲಿ ಪಂಪನ ಮನೆ ಇಲ್ಲ, ಸಮಾಧಿಯೂ ಇಲ್ಲ. ಆತ ಈ ಊರಲ್ಲೇ ಹುಟ್ಟಿದ ಅನ್ನೋದಕ್ಕೆ ದಾಖಲೆಯೂ ಇಲ್ಲ. ಹಾಗಂತ ಪಂಪನಿಗೂ ಬನವಾಸಿಗೂ ಸಂಬಂಧವೇ ಇಲ್ಲ ಅಂತಲ್ಲ. ಹತ್ತನೇ ಶತಮಾನದಲ್ಲಿ ಒಬ್ಬ ಕವಿ ಹೊಗಳಿದ್ದಕ್ಕೆ ಇವತ್ತಿಗೂ ಬಸ್ ಹತ್ತಿ ಜನ ಬರ್ತಾ ಇರುವ ಊರು ಕರ್ನಾಟಕದಲ್ಲಿ ಬಹಳ ಇಲ್ಲ. ಆ ಸಂಬಂಧ ಎಂಥದ್ದು ಅಂತ ಊರಿನವರಿಗೇ ಸರಿಯಾಗಿ ಗೊತ್ತಿದ್ದರೆ ಬಂದವರು ಅರ್ಧ ಗಂಟೆಯಲ್ಲಿ ಫೋಟೊ ಹೊಡೆದುಕೊಂಡು ವಾಪಸ್ ಹೋಗುವುದು ತಪ್ಪಬಹುದು. ಅಂಗಡಿಯವರ ವ್ಯಾಪಾರಕ್ಕೂ ಅದೇ ಬೇಕಾಗಿದ್ದು.

ಪಂಪ ಯಾರು, ಎಲ್ಲಿಯವನು

ಮೊದಲು ಒಂದು ಗೊಂದಲ ತೆಗೆಯಬೇಕು. ಹಂಪಿಯ ಪಂಪಾಪತಿ, ಪಂಪಾ ಸರೋವರಕ್ಕೂ ಈ ಪಂಪನಿಗೂ ಸಂಬಂಧ ಇಲ್ಲ. ಇಲ್ಲಿ ಹೇಳುತ್ತಿರುವುದು ಆದಿಕವಿ ಪಂಪನ ಬಗ್ಗೆ. ಹುಟ್ಟಿದ್ದು ಕ್ರಿ.ಶ. 902. ಬರೆದದ್ದು ಎರಡು ಕಾವ್ಯ. ಒಂದು ಮೊದಲ ತೀರ್ಥಂಕರನ ಕಥೆ ಹೇಳುವ ‘ಆದಿಪುರಾಣ’, ಇನ್ನೊಂದು ಮಹಾಭಾರತದ ಕಥೆಯ ‘ವಿಕ್ರಮಾರ್ಜುನ ವಿಜಯ’. ಎರಡನೆಯದನ್ನು ಜನ ‘ಪಂಪಭಾರತ’ ಅಂತಲೇ ಕರೀತಾರೆ. ಕ್ರಿ.ಶ. 941ರ ಹೊತ್ತಿಗೆ, ಅಂದರೆ ಮೂವತ್ತೊಂಬತ್ತನೇ ವಯಸ್ಸಿಗೆ ಎರಡೂ ಮುಗಿದಿದ್ದವು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಆರು ತಿಂಗಳು ಹಿಡಿಯಿತು ಅಂತ ಅವನೇ ಹೇಳಿಕೊಂಡಿದ್ದಾನೆ.

ಪಂಪ ಇದ್ದದ್ದು ವೇಮುಲವಾಡದ ಚಾಲುಕ್ಯ ಅರಸ ಎರಡನೇ ಅರಿಕೇಸರಿಯ ಆಸ್ಥಾನದಲ್ಲಿ. ಈ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ವೇಮುಲವಾಡ ಈಗ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಕನ್ನಡದ ಆದಿಕವಿ ಬರೆದದ್ದು ಇವತ್ತಿನ ತೆಲಂಗಾಣದ ಊರಿನಲ್ಲಿ ಕುಳಿತು ಅಂದರೆ ಬಂದವರು ನಂಬೋದಿಲ್ಲ. ಆದರೆ ಆಗ ಗಡಿ ಇದ್ದದ್ದೇ ಬೇರೆ ಥರ. ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಕೂಡ ಅದೇ ಕಡೆ, ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆ ಆ ಬಂಡೆ ಮೇಲೆ ಇವೆ. ಪಂಪನ ಅಪ್ಪ ಭೀಮಪಯ್ಯ, ಅವ್ವ ಅಬ್ಬಣಬ್ಬೆ ಅಂತ ತಿಳಿದದ್ದು ಆ ಶಾಸನದಿಂದ. ಅಪ್ಪನ ಕಡೆಯ ಹಿರಿಯರು ವೆಂಗಿ ನಾಡಿನವರು. ಅವ್ವನ ತವರು ಈಗಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಹೀಗಾಗಿ ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿ ಅಂತ ಬಹಳ ವಿದ್ವಾಂಸರು ಹೇಳ್ತಾರೆ.

ಹಾಗಾದರೆ ಬನವಾಸಿ ಎಲ್ಲಿಂದ ಬಂತು?

ಪಂಪಭಾರತದ ನಾಲ್ಕನೇ ಆಶ್ವಾಸದಲ್ಲಿ ಅರ್ಜುನ ತೀರ್ಥಯಾತ್ರೆಗೆ ಹೊರಡ್ತಾನೆ. ವ್ಯಾಸರ ಭಾರತದ ಅರ್ಜುನ ಬನವಾಸಿಗೆ ಬಂದ ಕಥೆ ಇಲ್ಲ. ಪಂಪನ ಅರ್ಜುನ ಬರ್ತಾನೆ. ಅಲ್ಲಿ ಕಥೆಯನ್ನು ಸ್ವಲ್ಪ ಬದಿಗಿಟ್ಟು ಕವಿ ಈ ನಾಡಿನ ಬಗ್ಗೆ ಮಾತಾಡಲು ಶುರು ಮಾಡ್ತಾನೆ. ತೆಂಕಣ ಗಾಳಿ, ಮಲ್ಲಿಗೆ, ಮಾವು, ಕೋಗಿಲೆ, ಒಳ್ಳೆಯ ಮಾತು, ಇಂಪಾದ ಹಾಡು. ಇಲ್ಲಿ ಮನುಷ್ಯನಾಗಿ ಹುಟ್ಟುವ ಪುಣ್ಯ ಇಲ್ಲದಿದ್ದರೆ ದುಂಬಿಯಾಗಿಯೋ ಕೋಗಿಲೆಯಾಗಿಯೋ ಆದರೂ ಹುಟ್ಟಬೇಕು ಅನ್ನೋ ಆಸೆ. ಮಾವುತ ಆನೆಯನ್ನು ತಿರುಗಿಸುವ ಅಂಕುಶದ ಮಾತು ತಂದು, ಏನೇ ಆದರೂ ನನ್ನ ಮನಸ್ಸು ತಿರುಗೋದು ಆ ಕಡೆಗೇ ಅನ್ನುತ್ತಾನೆ. ಆ ಸಾಲು ಶಾಲೆ ಪಾಠದಲ್ಲಿ, ರಾಜ್ಯೋತ್ಸವದ ಬ್ಯಾನರಿನಲ್ಲಿ, ಆಟೋ ಹಿಂಭಾಗದಲ್ಲಿ, ಭಾಷಣದಲ್ಲಿ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ ಆಗಿದೆ.

ಆದರೆ ಎಲ್ಲರೂ ಹಾರಿಸಿ ಹೋಗೋ ಒಂದು ಶಬ್ದ ಅದರಲ್ಲಿದೆ. ಪಂಪ ಹೇಳಿದ್ದು ಬನವಾಸಿ ಊರು ಅಂತ ಅಲ್ಲ, ಬನವಾಸಿ ‘ದೇಶ’ ಅಂತ. ಆ ಕಾಲದಲ್ಲಿ ‘ಬನವಾಸಿ ಹನ್ನೆರಡು ಸಾವಿರ’ ಅಂತ ಒಂದು ದೊಡ್ಡ ಪ್ರಾಂತ್ಯ ಇತ್ತು. ಈಗಿನ ಉತ್ತರ ಕನ್ನಡ, ಶಿವಮೊಗ್ಗ, ಹಾವೇರಿ ಜಿಲ್ಲೆಗಳ ಭಾಗಗಳು ಅದರೊಳಗೆ ಬರ್ತಿದ್ದವು. ಶಿರಸಿ, ಸೊರಬ, ಶಿಕಾರಿಪುರ ಕಡೆಯವರೆಲ್ಲ ಪಂಪ ಹೊಗಳಿದ ಬನವಾಸಿಯವರೇ. ‘ನಮ್ಮೂರಿಗೂ ಪಂಪನಿಗೂ ಏನು ಸಂಬಂಧ’ ಅಂತ ಸೊರಬ ಸಂತೆಯಲ್ಲಿ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಹುದು: ಆತ ನೆನೆಸಿಕೊಂಡದ್ದರಲ್ಲಿ ನಿಮ್ಮ ತೋಟ, ಗದ್ದೆ, ಕಾನು ಕೂಡ ಇತ್ತು.

ಅಷ್ಟು ದೂರದ ವೇಮುಲವಾಡದಲ್ಲಿ ಇದ್ದವನಿಗೆ ಈ ಮಲೆನಾಡಿನ ಅಂಚಿನ ನೆನಪು ಯಾಕೆ ಅಷ್ಟು ಕಾಡಿತು? ಚಿಕ್ಕಂದಿನಲ್ಲಿ ಇಲ್ಲಿ ಇದ್ದಿರಬೇಕು ಅಂತ ಕೆಲವರು ಊಹಿಸ್ತಾರೆ. ಪಂಪ ಬರೀ ಕವಿಯಲ್ಲ, ಯುದ್ಧ ಮಾಡಿದವನೂ ಹೌದು, ಹಾಗಾಗಿ ದಂಡಿನ ಜೊತೆ ಬಂದಿರಬೇಕು ಅನ್ನೋರೂ ಇದ್ದಾರೆ. ಎರಡೂ ಊಹೆಯೇ. ಒಂದಂತೂ ಖಚಿತ, ಇಲ್ಲೇ ಬಿಡಾರ ಹಾಕಿ ಕುಳಿತವನು ಹೀಗೆ ಬರೆಯೋದಿಲ್ಲ. ಇದು ಊರು ಬಿಟ್ಟು ದೂರ ಇರುವವನ ಮಾತು. ಬೆಂಗಳೂರಿನಲ್ಲಿ, ದುಬೈನಲ್ಲಿ ಕೆಲಸಕ್ಕಿರುವ ತಾಲೂಕಿನ ಹುಡುಗರ ಸ್ಟೇಟಸ್‌ನಲ್ಲಿ ಮಳೆಗಾಲ ಶುರುವಾಗುತ್ತಿದ್ದ ಹಾಗೆ ಆ ಸಾಲು ಕಾಣಿಸಿಕೊಳ್ಳೋದು ಸುಮ್ಮನೆ ಅಲ್ಲ.

ಹೊಳೆಯ ಊರು

ಬನವಾಸಿಯನ್ನು ಅರ್ಥ ಮಾಡಿಕೊಳ್ಳಲು ಮೊದಲು ವರದಾ ಹೊಳೆ ನೋಡಬೇಕು. ಬಂದವರಲ್ಲಿ ಹೆಚ್ಚಿನವರು ನೋಡದೇ ಹೋಗುವುದೂ ಅದನ್ನೇ. ದೇವಸ್ಥಾನದಿಂದ ನಡೆದು ಹೋಗುವಷ್ಟೇ ದೂರ. ಊರನ್ನು ಮೂರು ಕಡೆಯಿಂದ ಸುತ್ತಿಕೊಂಡು ಹೊಳೆ ಹರಿಯುತ್ತದೆ.

ಉತ್ತರ ಕನ್ನಡದ ಹೊಳೆಗಳ ಪೈಕಿ ವರದೆಯ ದಾರಿ ಬೇರೆ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ಎಲ್ಲ ಘಟ್ಟ ಇಳಿದು ಪಶ್ಚಿಮದ ಸಮುದ್ರ ಸೇರ್ತವೆ. ವರದೆ ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಸಮುದ್ರಕ್ಕೆ ಬೆನ್ನು ಹಾಕಿ, ಸೊರಬ ಸೀಮೆ ದಾಟಿ ಬನವಾಸಿ ಸುತ್ತಿ, ಹಾನಗಲ್ ಕಡೆಗೆ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಕೃಷ್ಣೆ, ಆಮೇಲೆ ಬಂಗಾಳ ಕೊಲ್ಲಿ. ಶಿರಸಿ ಪೇಟೆಯ ಶಂಕರಹೊಂಡದ ನೀರು ಅಘನಾಶಿನಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗ್ತದೆ, ಇಪ್ಪತ್ತಮೂರು–ಇಪ್ಪತ್ತನಾಲ್ಕು ಕಿಲೋಮೀಟರ್ ಆಚೆಯ ಬನವಾಸಿ ನೀರು ದೇಶದ ಇನ್ನೊಂದು ತುದಿಗೆ. ಒಂದೇ ತಾಲೂಕು, ಎರಡು ಸಮುದ್ರ.

ಬನವಾಸಿ ಇರೋದು ಕಾಡು ಮುಗಿದು ಬಯಲು ಶುರುವಾಗುವ ಬಾಗಿಲಲ್ಲಿ. ಈ ಕಡೆ ಅಡಿಕೆ, ಕಾಳುಮೆಣಸು. ಆ ಕಡೆ ಭತ್ತ, ಗೋವಿನಜೋಳ. ರಾಜಧಾನಿ ಕಟ್ಟಿದವರು ಜಾಗ ನೋಡಿಯೇ ಕಟ್ಟಿದ್ದಾರೆ. ಹೊಳೆಯೇ ಅರ್ಧ ಕೋಟೆ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿ ಈ ಕೋಟೆಗೆ ಮುತ್ತಿಗೆ ಹಾಕಿದ್ದನ್ನು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಎಂಬ ಕವಿ ಬರೆದಿದ್ದಾನೆ. ವರದೆಯ ಅಲೆಯಲ್ಲಿ ಆಡುವ ಹಂಸಗಳ ಸಾಲನ್ನೇ ಸೊಂಟಪಟ್ಟಿ ಮಾಡಿಕೊಂಡ ಊರು ಅಂತ ವರ್ಣಿಸಿ, ಪುಲಿಕೇಶಿಯ ಸೈನ್ಯ ಸಮುದ್ರದ ಹಾಗೆ ಸುತ್ತುವರಿದಾಗ ನೆಲದ ಮೇಲಿನ ಕೋಟೆ ನೀರಿನೊಳಗಿನ ಕೋಟೆಯ ಹಾಗೆ ಕಂಡಿತು ಅನ್ನುತ್ತಾನೆ. ಪಂಪನಿಗಿಂತ ಮುನ್ನೂರು ವರ್ಷ ಹಿಂದೆ ಹೇಳಿದ ಮಾತು ಇದು.

ಬನವಾಸಿಯವರಿಗೆ ಆ ಹೋಲಿಕೆ ಅರ್ಥ ಮಾಡಿಸುವುದು ಬೇಕಿಲ್ಲ. ಜುಲೈ–ಆಗಸ್ಟ್‌ನಲ್ಲಿ ಮಳೆ ಜೋರಾಗಿ ವರದೆ ಉಕ್ಕಿದರೆ ಸುತ್ತಲಿನ ಭತ್ತದ ಗದ್ದೆಗಳು ನಿಜವಾಗಿಯೂ ಸಮುದ್ರ ಆಗ್ತವೆ. 2019ರ ಆಗಸ್ಟ್ ನೆರೆಯನ್ನು ಹೊಳೆಬದಿಯ ಹಳ್ಳಿಯವರು ಮರೆತಿಲ್ಲ. ನಾಟಿ ಮಾಡಿದ ಸಸಿ ಕೊಳೆತು ಎರಡನೇ ಸಲ ನಾಟಿ ಮಾಡುವ ಕಷ್ಟ ಕವಿಗಳ ಕಣ್ಣಿಗೆ ಬಿದ್ದಂತಿಲ್ಲ.

ಮಯೂರ, ಸಿನಿಮಾ ಮತ್ತು ಕಲ್ಲು

ವಯಸ್ಸಾದ ಪ್ರವಾಸಿಗರಿಗೆ ಬನವಾಸಿ ಅಂದರೆ ಪಂಪನಿಗಿಂತ ಮೊದಲು ಡಾ. ರಾಜ್‌ಕುಮಾರ್. 1975ರ ‘ಮಯೂರ’ ಸಿನಿಮಾ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು. ಅದರ ಕಥೆಗೆ ಮೂಲವಾದ ಸುದ್ದಿ ಸಿಗುವುದು ಬನವಾಸಿಯಲ್ಲಲ್ಲ, ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ. ಅಲ್ಲಿನ ಪ್ರಣವೇಶ್ವರ ಗುಡಿ ಎದುರಿನ ಕಲ್ಲಿನ ಕಂಬದ ಮೇಲೆ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನ ಇದೆ. ಓದಲು ಅಂತ ಕಂಚಿಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗ್ತದೆ. ಅವಮಾನ ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಶ್ರೀಪರ್ವತದ ಕಾಡು ಸೇರಿ ಪಲ್ಲವರನ್ನು ಕಾಡ್ತಾನೆ. ಕೊನೆಗೆ ಅವರೇ ಆತನನ್ನು ಅರಸ ಅಂತ ಒಪ್ಪಿಕೊಳ್ತಾರೆ. ಹೀಗೆ ನಾಲ್ಕನೇ ಶತಮಾನದಲ್ಲಿ ಕದಂಬ ರಾಜ್ಯ ಹುಟ್ಟಿ ಬನವಾಸಿ ಅದರ ರಾಜಧಾನಿ ಆಯಿತು.

ಆ ಶಾಸನದ ಸಾಹಿತ್ಯ ಕುಬ್ಜ ಎಂಬ ಕವಿಯದ್ದು. ಕಲ್ಲಿನ ಮೇಲೆ ಬರೆದವನೂ ತಾನೇ ಅಂತ ಹೇಳಿಕೊಂಡಿದ್ದಾನೆ. ರವಿಕೀರ್ತಿ, ಪಂಪ, ಈಗ ಕುಬ್ಜ. ಇನ್ನೊಬ್ಬನನ್ನೂ ಸೇರಿಸಬೇಕು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮಪ್ರಭು ಮದ್ದಳೆ ಬಾರಿಸುವುದು ಇದೇ ಮಧುಕೇಶ್ವರನ ಗುಡಿಯಲ್ಲಿ. ಮನಸೋತು ನೋಡುವವಳು ಬನವಾಸಿಯ ರಾಜಕುಮಾರಿ ಮಾಯೆ. ‘ಕವಿಯ ಊರು’ ಅಂತ ಬೋರ್ಡ್ ಹಾಕುವುದಾದರೆ ಒಬ್ಬನ ಹೆಸರಿನಲ್ಲಿ ಮುಗಿಯುವ ಲೆಕ್ಕ ಅಲ್ಲ ಇದು.

ಕದಂಬರ ಹೆಸರು ಈಗಲೂ ಓಡಾಡುತ್ತಿದೆ. ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬ. ಗೋವಾದ ಸರ್ಕಾರಿ ಬಸ್‌ಗಳ ಮೇಲಿರುವುದೂ ಕದಂಬ. ಗೋವಾವನ್ನು ಆಳಿದ್ದು ಇದೇ ಹೆಸರಿನ ಇನ್ನೊಂದು ಶಾಖೆ.

ಕದಂಬರಿಗಿಂತಲೂ ಹಳೇ ಬನವಾಸಿ ಇದೆ. ದೇವಸ್ಥಾನದ ಪ್ರಾಕಾರದಲ್ಲಿ ಐದು ಹೆಡೆಯ ದೊಡ್ಡ ನಾಗರ ಕಲ್ಲನ್ನು ಎಲ್ಲರೂ ಕೈಮುಗಿದು ಮುಂದೆ ಹೋಗ್ತಾರೆ. ಅಂಚಿನ ಮೇಲಿರುವ ಬರಹವನ್ನು ನೋಡುವವರು ಕಡಿಮೆ. ಅದು ಪ್ರಾಕೃತ ಭಾಷೆಯ ಶಾಸನ. ಕದಂಬರಿಗಿಂತ ಹಿಂದೆ ಇಲ್ಲಿ ಆಳಿದ ಚುಟು ವಂಶದ ಅರಸನ ಮಗಳು ಶಿವಸ್ಕಂದನಾಗಶ್ರೀ ನಾಗನನ್ನು, ಕೆರೆಯನ್ನು, ವಿಹಾರವನ್ನು ಮಾಡಿಸಿದಳು ಅಂತ ಅದು ಹೇಳುತ್ತದೆ. ಕೆತ್ತಿದವನು ನಟಕ, ಅವನ ಗುರು ದಾಮೋರಕ. ರಾಜಕುಮಾರಿಯ ಹೆಸರಿನ ಜೊತೆಗೆ ಕಲ್ಲುಕುಟಿಗನ ಹೆಸರು, ಅವನ ಗುರುವಿನ ಹೆಸರು ಕೂಡ ಉಳಿದಿದೆ. ಬನವಾಸಿಯಲ್ಲಿ ಒಂದೇ ಒಂದು ವಸ್ತು ನೋಡಿ ಹೋಗ್ತೇನೆ ಅನ್ನುವವರಿಗೆ ತೋರಿಸಬೇಕಾದದ್ದು ಇದು. ಸಿಂಹಳದ ‘ಮಹಾವಂಸ’ದಲ್ಲಿ ಅಶೋಕನ ಕಾಲಕ್ಕೆ ವನವಾಸಕ್ಕೆ ಬೌದ್ಧ ಭಿಕ್ಷು ಬಂದ ಮಾತಿದೆ, ಗ್ರೀಕ್ ಭೂಗೋಳ ಬರೆದ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿ ಹೆಸರಿದೆ. ವೈಜಯಂತಿ, ಜಯಂತಿಪುರ ಅಂತಲೂ ಈ ಊರಿಗೆ ಹೆಸರಿತ್ತು.

ದೇವಸ್ಥಾನದಲ್ಲಿ ಏನು ನೋಡಬೇಕು

ಮಧುಕೇಶ್ವರ ದೇವಸ್ಥಾನ ಒಬ್ಬ ರಾಜ ಒಂದೇ ಸಲ ಕಟ್ಟಿ ಮುಗಿಸಿದ್ದಲ್ಲ. ಮನೆಗೆ ತಲೆಮಾರಿಗೊಂದು ಕೋಣೆ ಕೂಡಿಸಿದ ಹಾಗೆ ಬೆಳೆದದ್ದು. ಗರ್ಭಗುಡಿ ಕದಂಬರ ಕಾಲದ್ದು, ಅದರ ಮುಂದಿನ ಸಂಕಲ್ಪ ಮಂಟಪ ಚಾಲುಕ್ಯರದ್ದು, ಹೊಳಪಿನ ಕಂಬಗಳ ನೃತ್ಯ ಮಂಟಪ ಹೊಯ್ಸಳರ ಶೈಲಿಯದ್ದು ಅಂತ ವಿವರಿಸ್ತಾರೆ. ಒಳಗಿರುವ ತ್ರೈಲೋಕ್ಯ ಮಂಟಪ ಸೋದೆ ಅರಸರ ಕೊಡುಗೆ. ಕಲ್ಲಿನಲ್ಲಿ ಪಾತಾಳ, ಭೂಮಿ, ಸ್ವರ್ಗ ಮೂರನ್ನೂ ಕಡೆದಿದ್ದಾರೆ. ಬರಿಗಣ್ಣಿಗೆ ಮರದ ಕೆತ್ತನೆ ಅಂತ ಕಾಣ್ತದೆ. ಹತ್ತಿರ ಹೋದ ಮೇಲೇ ಕಲ್ಲು ಅಂತ ಗೊತ್ತಾಗೋದು.

ಲಿಂಗದ ಬಣ್ಣ ಜೇನಿನ ಹಾಗೆ, ಅದಕ್ಕೇ ಮಧುಕೇಶ್ವರ ಅನ್ನುತ್ತಾರೆ. ಮೊದಲು ಇಲ್ಲಿದ್ದದ್ದು ಮಾಧವನ ಗುಡಿ ಅನ್ನುವ ವಾದವೂ ಇದೆ. ಎದುರಿನ ದೊಡ್ಡ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಕಣ್ಣು ಪಕ್ಕದ ಗುಡಿಯ ಪಾರ್ವತಿ ಕಡೆ ಅಂತ ತೋರಿಸ್ತಾರೆ. ಅರ್ಧ ಗಣಪತಿಯ ಇನ್ನರ್ಧ ಕಾಶಿಯಲ್ಲಿದೆ ಅನ್ನೋದು, ನೃತ್ಯ ಮಂಟಪದಲ್ಲಿ ಶಾಂತಲೆ ಕುಣಿದಳು ಅನ್ನೋದು ಹೇಳಿಕೆ ಮಾತು. ಕೇಳಲಿಕ್ಕೆ ಚಂದ, ಹೇಳಿಕೆ ಅಂತಲೇ ಹೇಳಿದರೆ ಯಾರಿಗೂ ಮೋಸ ಇಲ್ಲ. ನೃತ್ಯ ಮಂಟಪದ ಕಂಬದಲ್ಲಿ ನಿಮ್ಮದೇ ಪ್ರತಿಬಿಂಬ ಕಾಣೋದು ಮಾತ್ರ ಹೇಳಿಕೆ ಅಲ್ಲ, ನಿಂತು ನೋಡಿದರೆ ಕಾಣ್ತದೆ. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚವನ್ನು ಕೇಳಿ ನೋಡಬೇಕು. ಅಷ್ಟದಿಕ್ಪಾಲಕರು ಪ್ರಾಕಾರದ ಸುತ್ತ ತಮ್ಮ ತಮ್ಮ ದಿಕ್ಕು ಹಿಡಿದು ಕುಳಿತಿದ್ದಾರೆ. ಗಡಿಬಿಡಿಯವರು ನಾಲ್ಕೇ ಎಣಿಸಿ ಹೊರಗೆ ಬರ್ತಾರೆ.

ಇದು ದಿನಾ ಪೂಜೆ ನಡೆಯುವ ದೇವಸ್ಥಾನ, ಮ್ಯೂಸಿಯಂ ಅಲ್ಲ. ಬೆಳಿಗ್ಗೆ ಬಂದರೆ ಒಳಗಿನ ಕೆತ್ತನೆಗೆ ಬೆಳಕೂ ಸಿಗ್ತದೆ, ಗದ್ದಲವೂ ಕಡಿಮೆ.

ಅಂಗಡಿ, ಮನೆ ಮತ್ತು 100 ಮೀಟರ್

ಇದೇ ದೇವಸ್ಥಾನದ ಇನ್ನೊಂದು ಮುಖ ಊರಿನವರಿಗೆ ಮಾತ್ರ ಗೊತ್ತು. ಮಧುಕೇಶ್ವರ ದೇವಸ್ಥಾನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ‘ನಿಷೇಧಿತ ಪ್ರದೇಶ’. ಅಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ‘ನಿಯಂತ್ರಿತ ಪ್ರದೇಶ’. ಅಲ್ಲಿ ಕಟ್ಟಬಹುದು, ಆದರೆ ಮೊದಲು ಅನುಮತಿ ಬೇಕು. ಅಳತೆ ಹಿಡಿಯುವುದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಅಂತ ಘೋಷಿಸಿದ ಜಾಗದ ಗಡಿಯಿಂದ. ಈ ವ್ಯತ್ಯಾಸದಲ್ಲೇ ಕೆಲವು ಮನೆಗಳು ಒಳಗೆ ಬರ್ತವೆ, ಕೆಲವು ಹೊರಗೆ ಉಳೀತವೆ. ಹಾಗಾಗಿ ಹೆಜ್ಜೆ ಹಾಕಿ ಲೆಕ್ಕ ಮಾಡಿಕೊಂಡು ಪಾಯ ತೆಗೆಯೋದು ಅಪಾಯ.

ಹಳೇ ಮನೆ ರಿಪೇರಿ ಮಾಡಲೇಬಾರದು ಅಂತ ಕಾಯ್ದೆ ಹೇಳೋದಿಲ್ಲ. ಇದು ಬಹಳ ಜನ ತಪ್ಪು ತಿಳಿದಿರುವ ವಿಷಯ. ನಿಷೇಧಿತ ಪ್ರದೇಶದೊಳಗೂ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಪಡೆಯಲು ದಾರಿ ಇದೆ. ಒಪ್ಪಿಗೆ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಂಚಾಯ್ತಿ ಲೈಸೆನ್ಸ್ ಒಂದೇ ಇದ್ದರೆ ಸಾಕು ಅನ್ನೋ ನಂಬಿಕೆ ಇಲ್ಲಿ ನಡೆಯೋದಿಲ್ಲ.

ಹೆಂಚಿನ ಮನೆ ಸೋರುತ್ತಿದೆ, ಮಗನಿಗೆ ಬೇರೆ ಕೋಣೆ ಬೇಕು, ಅಂಗಡಿ ಮೇಲೆ ಎರಡು ರೂಮು ಎಬ್ಬಿಸಿ ಪ್ರವಾಸಿಗರಿಗೆ ಬಾಡಿಗೆ ಕೊಡಬೇಕು. ಸ್ಮಾರಕದ ಪಕ್ಕದಲ್ಲಿ ಇರುವವರ ಆಸೆಗಳು ಇಂಥವೇ. ‘ಪ್ರವಾಸಿಗರು ಉಳಿಯಲಿ’ ಅಂತ ಒಂದು ಕಡೆ ಹೇಳುವುದು, ಉಳಿಯಲು ಜಾಗ ಕಟ್ಟಲು ಹೊರಟವನಿಗೆ ವರ್ಷಗಟ್ಟಲೆ ಕಡತ ತಿರುಗಿಸುವುದು, ಎರಡೂ ಒಟ್ಟಿಗೆ ಹೋಗೋದಿಲ್ಲ. ಇನ್ನೊಂದು ಕಡೆ ಕಾಯ್ದೆ ಸಡಿಲ ಮಾಡಿದರೆ ರಥಬೀದಿಯ ಹೆಂಚಿನ ಮನೆ, ಜಗಲಿ ಸಾಲು ಹೋಗಿ ಗುಡಿ ಎದುರು ಗಾಜಿನ ಕಾಂಪ್ಲೆಕ್ಸ್ ಬರಲು ಹೆಚ್ಚು ದಿನ ಬೇಡ. ಆಗ ಬಂದವರಿಗೆ ತೋರಿಸಲು ಇರುವ ಬೀದಿಯೂ ಹೋಗ್ತದೆ. ಇರುವ ಹೆಂಚಿನ ಮನೆಗಳನ್ನೇ ಅನುಮತಿ ಪಡೆದು ಸರಿ ಮಾಡಿ ಹೋಂಸ್ಟೇ ಮಾಡುವುದು ಸದ್ಯಕ್ಕೆ ಕಾಣುವ ನಡುದಾರಿ. ಅರ್ಜಿ ಬರೆಯಲು, ನಕ್ಷೆ ಮಾಡಿಸಲು ಊರಲ್ಲೇ ಯಾರಾದರೂ ಸಹಾಯ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಕದಂಬೋತ್ಸವ ಎರಡು ದಿನ, ಉಳಿದ ದಿನ?

ವರ್ಷದಲ್ಲಿ ಬನವಾಸಿ ಹೆಸರು ಪೇಪರಿನ ಮೊದಲ ಪುಟಕ್ಕೆ ಬರುವುದು ಕದಂಬೋತ್ಸವದ ಹೊತ್ತಿಗೆ. ರಾಜ್ಯ ಸರ್ಕಾರದ ಪಂಪ ಪ್ರಶಸ್ತಿಯನ್ನು ಆಗ ಇಲ್ಲೇ ಕೊಡುವ ಪದ್ಧತಿ. 1987ರಲ್ಲಿ ಶುರುವಾದ ಈ ಪ್ರಶಸ್ತಿ ಮೊದಲು ಸಂದದ್ದು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯಕ್ಕಾಗಿ ಕುವೆಂಪು ಅವರಿಗೆ. ಉತ್ಸವದ ದಿನಾಂಕ ಮಾತ್ರ ಒಂದೇ ಕಡೆ ನಿಲ್ಲೋದಿಲ್ಲ. ಒಂದು ವರ್ಷ ಫೆಬ್ರವರಿ, ಇನ್ನೊಂದು ವರ್ಷ ಏಪ್ರಿಲ್. ಮುಂಚೆ ದಿನ ಗೊತ್ತಾಗದಿದ್ದರೆ ಹೊರಗಿನವರು ಬರುವುದು ಹೇಗೆ, ಅಂಗಡಿಯವರು ಮಾಲು ತರಿಸುವುದು ಯಾವಾಗ? ಹಂಪಿಯ ಹೋಟೆಲಿನವರ ಹಾಗೆ ಆರು ತಿಂಗಳು ಮೊದಲೇ ಬುಕಿಂಗ್ ತಗೊಳ್ಳುವ ಲೆಕ್ಕಾಚಾರ ಇಲ್ಲಿ ಸಾಧ್ಯವೇ ಇಲ್ಲ.

ಉಳಿದ ದಿನಗಳಲ್ಲಿ ಬರುವವರ ಲೆಕ್ಕ ಬೇರೆ. ಶಾಲೆ ಪ್ರವಾಸದ ಬಸ್ಸುಗಳು ಡಿಸೆಂಬರ್ ಆಸುಪಾಸು ಬರ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಟಿಕೆಟ್ ಖರ್ಚಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಬರಬಹುದು. ಶಿರಸಿ ಮಾರಿಕಾಂಬೆ ದರ್ಶನ ಮುಗಿಸಿ ಮಧ್ಯಾಹ್ನದೊಳಗೆ ಬನವಾಸಿ ಮಾಡಿಕೊಂಡು ಹೋಗುವ ಗುಂಪುಗಳು ಇಂಥವು. ಇವರಿಗೆ ಬೇಕಾದದ್ದು ದೊಡ್ಡ ರೆಸಾರ್ಟ್ ಅಲ್ಲ. ಚೊಕ್ಕಟ ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು, ವಾಪಸ್ ಬಸ್ ಎಷ್ಟು ಹೊತ್ತಿಗೆ ಅನ್ನೋ ಬೋರ್ಡ್.

ಪಂಪನನ್ನು ಹುಡುಕಿಕೊಂಡು ಬರುವವರಿಗೆ ಯಾವಾಗ ಬರಬೇಕು ಅಂತ ಪಂಪನೇ ಹೇಳಿದ್ದಾನೆ. ಮಲ್ಲಿಗೆ, ಮಾವು, ಕೋಗಿಲೆ ಎಲ್ಲ ಒಟ್ಟಿಗೆ ಸಿಗೋದು ವಸಂತದಲ್ಲಿ. ಮಾವು ಹೂ ಬಿಡುವ ಹೊತ್ತಿಗೆ ಬಂದು ಬೆಳಿಗ್ಗೆ ದೇವಸ್ಥಾನ, ಸಂಜೆ ಹೊಳೆದಂಡೆ ಅಂತ ಇಟ್ಟುಕೊಂಡರೆ ಮನೆ ಕಾಣದಿದ್ದರೂ ಆತ ಹೇಳಿದ್ದು ಕಾಣ್ತದೆ. ನೀರು ತುಂಬಿದ ವರದೆ ನೋಡಬೇಕು ಅನ್ನುವವರು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆ–ಅಕ್ಟೋಬರ್‌ಗೆ ಬರುವುದು ಒಳ್ಳೆಯದು. ಹೊಳೆ ಉಕ್ಕಿದ ದಿನ ಸೆಲ್ಫಿಗಾಗಿ ದಂಡೆಗೆ ಇಳಿಯುವುದು ಬೇಡ.

ಮಧ್ಯಾಹ್ನ ಏನು ಮಾಡುವುದು ಅನ್ನುವವರಿಗೆ ಹತ್ತಿರದಲ್ಲೇ ಗುಡ್ನಾಪುರ ಇದೆ. ದೊಡ್ಡ ಕೆರೆ, ದಂಡೆಯ ಮೇಲೆ ಬಂಗಾರೇಶ್ವರ ಗುಡಿ. ಕದಂಬ ರವಿವರ್ಮನ ಉದ್ದನೆಯ ಶಾಸನ ಇರುವ ಕಂಬ ಸಿಕ್ಕಿದ್ದು ಅಲ್ಲೇ. ಕಾಮಜಿನಾಲಯ ಕಟ್ಟಿಸಿದ ವಿಷಯ ಅದರಲ್ಲಿದೆ. ಒಂದು ದಿನ ಪೂರ್ತಿ ಇಟ್ಟುಕೊಂಡವರು ಸೊರಬ ಕಡೆ ಇಳಿದರೆ ಚಂದ್ರಗುತ್ತಿ, ಅದರಾಚೆ ಶಿಕಾರಿಪುರ ತಾಲೂಕಿನ ತಾಳಗುಂದ, ಅಲ್ಲಮನ ಬಳ್ಳಿಗಾವಿ. ಈ ನಾಲ್ಕೂ ಒಂದೇ ಸುತ್ತಿನಲ್ಲಿ ಆಗುವಂಥವು. ಆದರೆ ಜಿಲ್ಲೆ ಗಡಿ ನಡುವೆ ಬರುವುದರಿಂದ ಕಾರವಾರದವರು ಮಾಡುವ ಪ್ರವಾಸಿ ಪಟ್ಟಿಯಲ್ಲಿ ತಾಳಗುಂದ ಇರೋದಿಲ್ಲ, ಶಿವಮೊಗ್ಗದವರ ಪಟ್ಟಿಯಲ್ಲಿ ಬನವಾಸಿ ಇರೋದಿಲ್ಲ. ಮಯೂರನ ಊರು ಒಂದು ಜಿಲ್ಲೆಗೆ, ಅವನ ಶಾಸನ ಇನ್ನೊಂದು ಜಿಲ್ಲೆಗೆ ಪಾಲಾಗಿದೆ. ಬಸ್ ಕೂಡ ಹಾಗೇ, ಈ ಕಡೆ ವಾಯವ್ಯ ಸಾರಿಗೆ, ಆ ಕಡೆ ಕೆಎಸ್‌ಆರ್‌ಟಿಸಿ ಮತ್ತು ಖಾಸಗಿ. ಸ್ವಂತ ವಾಹನ ಇಲ್ಲದವರು ಶಿರಸಿಯಿಂದ ಬನವಾಸಿ, ಬನವಾಸಿಯಿಂದ ಸೊರಬ ಅಂತ ಎರಡು ತುಂಡು ಮಾಡಿಕೊಳ್ಳಬೇಕು. ರೈಲಿನಲ್ಲಿ ಬರುವವರು ಹಾವೇರಿಯಲ್ಲಿ ಇಳಿದರೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್.

ಹೋಗುವಾಗ ಕೈಯಲ್ಲಿ ಏನು ಒಯ್ಯುವುದು? ಪಂಪನ ಚಿತ್ರದ ಕೀಲಿಗೊಂಚಲು ಬೇರೆ ಊರಿನಿಂದ ತರಿಸಿ ಮಾರುವುದಕ್ಕಿಂತ ಇಲ್ಲೇ ಬೆಳೆಯುವ ಅನಾನಸು ಇದೆ. ಬನವಾಸಿ ಹೋಬಳಿಯ ಅನಾನಸಿಗೆ ಹೊರಗೆ ಹೆಸರು ಇದೆ. ಲಾರಿಯಲ್ಲಿ ದೂರದ ಮಾರುಕಟ್ಟೆಗೆ ಹೋಗುವ ಅದೇ ಹಣ್ಣನ್ನು ದೇವಸ್ಥಾನದ ಎದುರು ಹೆಚ್ಚಿ, ಉಪ್ಪು–ಖಾರ ಹಾಕಿ ಎಲೆಯಲ್ಲಿ ಕೊಟ್ಟರೆ ನಿಂತು ತಿನ್ನುವವರಿಗೆ ಕೊರತೆ ಇಲ್ಲ. ತಿನ್ನುತ್ತಾ ನಿಂತವರು ಪಂಪನ ಮನೆ ಕೇಳೇ ಕೇಳ್ತಾರೆ. ಆಗ ಹೊಳೆ ಕಡೆ ಕೈ ತೋರಿಸಿ, ಮನೆ ಇಲ್ಲ, ಆತ ಬರೆದದ್ದು ಈ ನಾಡಿನ ಬಗ್ಗೆ, ನೋಡಬೇಕಾದ ನಾಗರ ಕಲ್ಲು ಗುಡಿಯ ಒಳಗಿದೆ ಅಂತ ಹೇಳಿ ಕಳಿಸಬಹುದು.